‘ಸ್ವಾರಸ್ಯ’ದ ಜಾಗದಲ್ಲಿ ಮಕ್ಕಳು ಏನು ಬರೆಯಬೇಕು?

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ‘ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ’ ಎಂಬ ಪ್ರಶ್ನೆಗೆ ಮಕ್ಕಳು ಆಯ್ಕೆ, ಸಂದರ್ಭ ಎರಡನ್ನೂ ಸರಿಯಾಗಿ ಬರೆಯುತ್ತಾರೆ. ಸ್ವಾರಸ್ಯಕ್ಕೆ ಬಂದಾಗ ‘ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿದೆ’ ಎಂದು ಮುಗಿಸುತ್ತಾರೆ. ಮಾತಿನ ಧಾಟಿ ಕೋಪದ್ದೋ, ವ್ಯಂಗ್ಯದ್ದೋ, ಕನಿಕರದ್ದೋ ಎಂಬುದನ್ನು ಪದಗಳಿಂದಲೇ ಹಿಡಿಯುವುದನ್ನು ಹೇಗೆ ಕಲಿಸಲಿ?

ಉತ್ತರ: ಆ ವಾಕ್ಯ ನಿಮ್ಮ ಮಕ್ಕಳದಲ್ಲ, ಗೈಡಿನದು. ಕೊಪ್ಪಳದಲ್ಲಿ ಪಾಠ ಮಾಡುತ್ತಿದ್ದಾಗ ಅದನ್ನು ಬಿಡಿಸಲು ನಾನೂ ಒಂದು ಮದ್ದು ಹುಡುಕಿ ಕೈಸುಟ್ಟುಕೊಂಡಿದ್ದೇನೆ. ವಿಷಾದ, ವ್ಯಂಗ್ಯ, ಕನಿಕರ, ಆಕ್ರೋಶ, ಬೆರಗು ಎಂದು ಇಪ್ಪತ್ತು ಭಾವಗಳ ಪಟ್ಟಿ ಬರೆಸಿದೆ. ಮುಂದಿನ ಕಿರುಪರೀಕ್ಷೆಯಲ್ಲಿ ಮುಕ್ಕಾಲು ತರಗತಿ ‘ಇಲ್ಲಿ ಕವಿಯ ವಿಷಾದ ವ್ಯಕ್ತವಾಗಿದೆ’ ಎಂದು ಬರೆಯಿತು. ಪಟ್ಟಿಯಲ್ಲಿ ಮೊದಲು ಇದ್ದದ್ದು ವಿಷಾದ.

ಹಾಗಾಗಿ ಭಾವಕ್ಕೆ ಹೆಸರಿಡುವ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಸಾಲಿನಿಂದ ಒಂದು ಪದವನ್ನು ಕೀಳಿ, ಆ ಜಾಗದಲ್ಲಿ ಅದೇ ಅರ್ಥದ ಇನ್ನೊಂದನ್ನು ಕೂರಿಸಿ, ಏನು ಕೆಟ್ಟಿತು ಎಂದು ಕೇಳಿ. ಮಕ್ಕಳಿಗೆ ಇದು ಹೊಸ ವಿದ್ಯೆಯಲ್ಲ. ದಿನವೂ ‘ಬಾರೋ’ ಎನ್ನುವ ತಾಯಿ ಒಂದು ಸಂಜೆ ತಡವಾಗಿ ಬಂದ ಮಗನಿಗೆ ‘ಬನ್ನಿ ಸಾಹೇಬರೇ’ ಎಂದರೆ, ಆ ಬಹುವಚನದಲ್ಲಿ ಗೌರವ ಇಲ್ಲ ಎಂಬುದು ಹೊಸ್ತಿಲು ದಾಟುವ ಮೊದಲೇ ಅವನಿಗೆ ಗೊತ್ತಾಗುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳ್ಗನ್ನಡದ ಎಲ್ಲೆಯೊಳಗೆ ಮಹಾಕೊಪಣವನ್ನು, ಅಂದರೆ ನಮ್ಮ ಕೊಪ್ಪಳವನ್ನು ಸೇರಿಸಿದ್ದನ್ನು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅದೇ ಕೃತಿ ನಾಡವರನ್ನು ಹೊಗಳುವಾಗ ಪದನರಿದು, ಎಂದರೆ ಹದವರಿತು, ನುಡಿಯಬಲ್ಲವರು ಎಂಬಲ್ಲಿಗೆ ನಿಲ್ಲುವುದಿಲ್ಲ; ನುಡಿದದ್ದನ್ನು ಅರಿತು ಆರಯ್ಯಬಲ್ಲವರು ಎಂದೂ ಸೇರಿಸುತ್ತದೆ. ನೀವು ಕೇಳುತ್ತಿರುವುದು ಈ ಎರಡನೆಯ ಅರ್ಧವನ್ನು.

ಪಠ್ಯಪುಸ್ತಕಕ್ಕೆ ಹೋಗುವ ಮೊದಲು ಊರಿನ ಸುದ್ದಿಯೊಂದನ್ನು ಎತ್ತಿಕೊಳ್ಳಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಭತ್ತದ ಮನೆಗಳ ಮಕ್ಕಳಿಗೆ ಆ ಆತಂಕವನ್ನು ವಿವರಿಸಬೇಕಿಲ್ಲ. ಹಲಗೆಯ ಮೇಲೆ ನಾಲ್ಕು ವಾಕ್ಯ ಬರೆಯಿರಿ: ನೀರನ್ನು ನದಿಗೆ ಬಿಡಲಾಯಿತು. ನೀರು ನದಿಗೆ ಹರಿಯಿತು. ನೀರು ಪೋಲಾಯಿತು. ನಮ್ಮ ನೀರು ಹೋಯಿತು. ಯಾವುದನ್ನು ಯಾರು ಹೇಳಿರಬಹುದು ಎಂದಷ್ಟೇ ಕೇಳಿ, ಸುಮ್ಮನಿರಿ. ‘ಬಿಡಲಾಯಿತು’ ಕಚೇರಿಯ ಮಾತು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬಿಟ್ಟವರು ಯಾರು ಎಂದರೆ ವಾಕ್ಯದಲ್ಲಿ ಉತ್ತರವಿಲ್ಲ; ಕರ್ಮಣಿ ಪ್ರಯೋಗ ಕರ್ತೃವನ್ನು ಮರೆಮಾಡಿರುತ್ತದೆ. (ವ್ಯಾಕರಣದ ಆ ಒಣ ಪಾಠಕ್ಕೆ ಜೀವ ಬರುವುದು ಇಂಥ ಕಡೆಯೇ.) ‘ಪೋಲು’ ಎಂದ ಕೂಡಲೇ ಕಾಯಬೇಕಾದವರು ಕಾಯಲಿಲ್ಲ ಎಂಬ ದೂರು ಒಳಗೆ ಬರುತ್ತದೆ. ಕೊನೆಯ ವಾಕ್ಯದಲ್ಲಿ ದೊಡ್ಡ ಪದವೇ ಇಲ್ಲ. ಸಂಕಟವನ್ನೆಲ್ಲ ‘ನಮ್ಮ’ ಹೊತ್ತಿದೆ.

ಇದನ್ನು ಒತ್ತಿ ಹೇಳಲು ಕಾರಣವಿದೆ. ಧಾಟಿ ಹುಡುಕಿ ಎಂದರೆ ಮಕ್ಕಳು ವಿಶೇಷಣಗಳ ಬೆನ್ನು ಹತ್ತುತ್ತಾರೆ. ಕನ್ನಡದಲ್ಲಿ ಅದು ಎಷ್ಟೋ ಸಲ ಪದದ ಬಾಲದಲ್ಲಿ ಕೂತಿರುತ್ತದೆ. ಮಗ ಬಂದ. ಮಗನೂ ಬಂದ. ಮಗನೇ ಬಂದ. ಮಗನಾದರೂ ಬಂದ. ಕೊನೆಯದನ್ನು ಓದಿ ‘ಹಾಗಾದರೆ ಬಾರದವರು ಯಾರು?’ ಎಂದು ಕೇಳಿದರೆ ತರಗತಿ ತಾನೇ ಒಂದು ಕಥೆ ಕಟ್ಟುತ್ತದೆ.

ಇಷ್ಟಾದ ಮೇಲೆ ಸಾಹಿತ್ಯಕ್ಕೆ ಬನ್ನಿ. ನಾನು ನೆಚ್ಚಿಕೊಂಡದ್ದು ಲಿಂಗಸುಗೂರು ಸೀಮೆಯ ಆಯ್ದಕ್ಕಿ ಲಕ್ಕಮ್ಮನನ್ನು. ಗಂಡ ಮಾರಯ್ಯ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಅವಳು ಕೇಳಿದ್ದು: ‘ಈಸಕ್ಕಿಯಾಸೆ ನಿಮಗೇಕೆ?’ ಇದನ್ನು ‘ಹೆಚ್ಚು ಅಕ್ಕಿ ಏಕೆ ತಂದಿರಿ?’ ಎಂದು ಬದಲಿಸಿ ಎರಡನ್ನೂ ಓದಿಸಿ. ಎರಡನೆಯದು ಲೆಕ್ಕ ಕೇಳುತ್ತದೆ. ಲಕ್ಕಮ್ಮನ ಮಾತಿನಲ್ಲಿ ತಪ್ಪು ಅಕ್ಕಿಯದಲ್ಲ, ಆಸೆಯದು. ಅವಳು ಚೀಲವನ್ನು ಬಿಟ್ಟು ಮನಸ್ಸಿಗೆ ಕೈಹಾಕಿದ್ದಾಳೆ. ಆದರೂ ‘ನಿಮಗೆ’ ಎಂಬ ಮರ್ಯಾದೆ ಹಾಗೇ ಉಳಿದಿದೆ. ‘ನಿನಗೇಕೆ’ ಎಂದಿದ್ದರೆ ಅದು ಮನೆಜಗಳವಾಗುತ್ತಿತ್ತು ಎಂದು ನನ್ನ ವಿದ್ಯಾರ್ಥಿನಿಯೊಬ್ಬಳು ಹೇಳಿದಳು. ನನಗೆ ಅದು ಹೊಳೆದಿರಲಿಲ್ಲ.

‘ಈಸು’ ಎಂದರೆ ‘ಇಷ್ಟು’. ಇಷ್ಟೊಂದು ಅಕ್ಕಿಯೋ, ಇಷ್ಟೇ ಇಷ್ಟು ಅಕ್ಕಿಯೋ? ಒಬ್ಬ ಹುಡುಗ ಕಣ್ಣರಳಿಸಿ ಓದಿದ, ಇನ್ನೊಬ್ಬ ತುಟಿ ಕೊಂಕಿಸಿ ಓದಿದ. ಮೊದಲನೆಯವನದು ಗಾಬರಿ, ಎರಡನೆಯವನದು ತಾತ್ಸಾರ. ದನಿಯ ತಿರುವಿನಿಂದ ಅರ್ಥ ತಿರುಗುವುದನ್ನು ನಮ್ಮ ಹಳೆಯ ಅಲಂಕಾರಿಕರು ‘ಕಾಕು’ ಎಂದು ಕರೆದಿದ್ದಾರೆ. ಕಥೆಗೆ ಮೊದಲನೆಯದೇ ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ, ಆದರೆ ಎರಡನೆಯವನಿಗೂ ಅಂಕ ಕೊಟ್ಟೆ. ಅವನು ಗಟ್ಟಿಯಾಗಿ ಓದಿ ತೋರಿಸಿದ್ದ. ಮೌನವಾಗಿ ಓದುವ ತರಗತಿಗೆ ಧಾಟಿ ಸಿಗುವುದು ಕಷ್ಟ.

ಒಂದು ಎಚ್ಚರಿಕೆ. ಒಳ್ಳೆಯ ಪದ, ಕೆಟ್ಟ ಪದ ಎಂಬ ಎರಡು ಕಾಲಮ್ಮಿನ ಕೋಷ್ಟಕ ಬರೆಸಬೇಡಿ. ‘ಮುದುಕ’ ಒರಟು, ‘ಹಿರಿಯರು’ ಸೌಜನ್ಯ ಎಂದು ಕಲಿತ ಮಗು, ಐವತ್ತು ವರ್ಷ ಬಾಳಿದ ಅಜ್ಜಿ ‘ನನ್ನ ಮುದುಕ ಇನ್ನೂ ಉಂಡಿಲ್ಲ’ ಎಂದಾಗ ಅಲ್ಲಿ ತಿರಸ್ಕಾರ ಕಾಣುತ್ತದೆ. ಯಾರು, ಯಾರಿಗೆ, ಯಾವ ಹೊತ್ತಿನಲ್ಲಿ ಎಂಬುದು ಸೇರದೆ ಪದಕ್ಕೆ ಬಣ್ಣವಿಲ್ಲ. ನಿಮ್ಮ ಮಕ್ಕಳು ಸಂದರ್ಭವನ್ನು ಚೆನ್ನಾಗಿ ಬರೆಯುತ್ತಾರಲ್ಲ, ಅದು ಸ್ವಾರಸ್ಯಕ್ಕೆ ಬೇಕಾದ ಅರ್ಧ ಬಂಡವಾಳ.

ಪರೀಕ್ಷೆಯ ಉತ್ತರಕ್ಕೆ ಎರಡು ವಾಕ್ಯ ಸಾಕು: ‘ಇಲ್ಲಿ ಹೀಗೆ ಎಂದಿದ್ದರೆ ಬರೀ ಇಷ್ಟಾಗುತ್ತಿತ್ತು. ಈ ಪದ ಇರುವುದರಿಂದ ಇದು ಕೇಳಿಸುತ್ತದೆ.’ ಭಾವದ ಹೆಸರು ತಿಳಿದರೆ ಸೇರಿಸಲಿ, ಇಲ್ಲವಾದರೆ ಚಿಂತೆಯಿಲ್ಲ. ‘ಸ್ವಾರಸ್ಯಪೂರ್ಣ’ ಎಂಬ ಪದವನ್ನು ಉತ್ತರದಲ್ಲಿ ಬಳಸಕೂಡದು ಎಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಮೊದಲ ವಾರ ಅರ್ಧ ತರಗತಿ ಆ ಜಾಗವನ್ನು ಖಾಲಿ ಬಿಟ್ಟಿತು. ಆ ಖಾಲಿ ಜಾಗ ನೋಡಿ ನನಗೆ ಖುಷಿಯೇ ಆಯಿತು.