ಕುರ್ಚಿ ಕಳಕೊಂಡ ಹೋಟೆಲು: ಬೆಂಗಳೂರಿನ ತಿಂಡಿಯ ಜಾಗದ ಲೆಕ್ಕ

ಭಾನುವಾರ ಬೆಳಿಗ್ಗೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋದರೆ ಮೊದಲು ಕಾಯಬೇಕಾದದ್ದು ಕುರ್ಚಿಗೆ, ದೋಸೆ ಆಮೇಲೆ. 1943ರಲ್ಲಿ ಶುರುವಾದ ಈ ಹೋಟೆಲಾಗಲಿ, 1924ರ ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್) ಆಗಲಿ, ಗಿರಾಕಿ ಕೂತು ತಿನ್ನುತ್ತಾನೆ ಎಂದೇ ಎಣಿಸಿ ಕಟ್ಟಿದವು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಮನೆಯಿಂದ ನಡೆದು ಬರುವವರಿದ್ದರು, ಬೈಟು ಕಾಫಿ ಹಿಡಿದು ಹರಟುವಷ್ಟು ಹೊತ್ತೂ ಇತ್ತು.

ಕುರ್ಚಿಯಿಲ್ಲದ ವ್ಯಾಪಾರದ ಮೊದಲ ಪಾಠ ಸಿಕ್ಕಿದ್ದು ತುರ್ತು ಪರಿಸ್ಥಿತಿಯಲ್ಲಿ. ಸರ್ಕಾರ ತಿಂಡಿಗಳ ಬೆಲೆಗೆ ಮಿತಿ ಹಾಕಿದಾಗ ಆ ದರಕ್ಕೆ ನಡೆಸಲಾಗದೆ ಎಂಟಿಆರ್ ಬಾಗಿಲು ಹಾಕಿ, ರವೆ ಇಡ್ಲಿಯಂಥ ದಿಢೀರ್ ಮಿಶ್ರಣಗಳನ್ನು ಪೊಟ್ಟಣದಲ್ಲಿ ಮಾರಲು ನಿಂತಿತು.

1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯ ಕೆಫೆ ದರ್ಶಿನಿ ತೆರೆಯಿತು. ಗಲ್ಲಾದಲ್ಲಿ ಟೋಕನ್, ಕಣ್ಣೆದುರೇ ಅಡುಗೆಮನೆ, ನಿಂತು ತಿನ್ನಲು ಎತ್ತರದ ಮೇಜು, ಸಪ್ಲೈಯರ್ ಇಲ್ಲ. ಲೆಕ್ಕ ಸರಳ. ನಾಲ್ವರು ಕೂರುವ ಜಾಗದಲ್ಲಿ ಎಂಟು ಜನ ನಿಲ್ಲಬಹುದು. ಕೂತವನು 40 ನಿಮಿಷ ತೆಗೆದುಕೊಂಡರೆ ನಿಂತವನು 12ರಲ್ಲಿ ಮುಗಿಸುತ್ತಾನೆ. ಅಂದರೆ ಅದೇ ಜಾಗದಲ್ಲಿ ಗಂಟೆಗೆ ಆರು ಜನರ ಬದಲು ನಲವತ್ತು.

ಆದರೆ ಈ ಲೆಕ್ಕ ನಿಂತಿರುವುದು ಕಾವಲಿಯ ಮೇಲೆ. ಹತ್ತು ಹನ್ನೆರಡು ದೋಸೆ ಒಟ್ಟಿಗೆ ಹುಯ್ಯುವ ಭಟ್ಟರು ಪ್ರತಿ ಸರದಿಗೂ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ ಕಾವು ಇಳಿಸುತ್ತಾರೆ. ಕಾವು ಹೆಚ್ಚಾದರೆ ಹಿಟ್ಟು ಹರಡದೆ ಸೌಟಿಗೇ ಮೆತ್ತಿಕೊಂಡು ಬರುತ್ತದೆ. ಕಡಿಮೆಯಾದರೆ ಬಣ್ಣ ಬಾರದೆ ಕಾವಲಿಗೆ ಹಿಡಿಯುತ್ತದೆ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಹಿಟ್ಟು ಸುರಿದರೂ ಇದೇ ಪಾಡು. ಎಷ್ಟೋ ದರ್ಶಿನಿಗಳು ಎಡವಿದ್ದು ಮೆನು ಬೆಳೆಸಲು ಹೋಗಿ. ಇಡ್ಲಿ, ವಡೆ, ದೋಸೆಯ ಜೊತೆಗೆ ಗೋಬಿ ಮಂಚೂರಿ, ಚಾಟ್, ಜ್ಯೂಸ್ ಸೇರಿದರೆ ಒಂದೊಂದು ಟೋಕನ್ನಿಗೂ ಬೇರೆ ಒಲೆ, ಬೇರೆ ಕೈ ಬೇಕು. ಕ್ಯೂ ನಿಲ್ಲುತ್ತದೆ, ನಲವತ್ತರ ಲೆಕ್ಕ ಇಪ್ಪತ್ತಕ್ಕೆ ಇಳಿಯುತ್ತದೆ.

ಇಂದಿರಾನಗರದಲ್ಲಿ ಕುರ್ಚಿ ವಾಪಸಾಯಿತು, ಬೇರೆ ದರದಲ್ಲಿ. ವಸತಿ ಪ್ರದೇಶದಲ್ಲೂ ವಾಣಿಜ್ಯ ಬಳಕೆಗೆ ದಾರಿ ಬಿಟ್ಟ ಮಾಸ್ಟರ್ ಪ್ಲಾನ್ 2007ರಲ್ಲಿ ಬಂತು, 2010ರಲ್ಲಿ ಅಲ್ಲೇ ಬಿಯರು ತಯಾರಿಸಿ ಮಾರುವ ಟಾಯ್ಟ್ ಬ್ರೂಪಬ್ ತೆರೆಯಿತು, 2011ರಲ್ಲಿ ಮೆಟ್ರೊ ಓಡಿತು. ಗಿರಾಕಿ ಎರಡು ಗಂಟೆ ಕೂತರೂ ಬಾಡಿಗೆ ಹೊರುವುದು ಬಿಯರು. ಒಂದು ಕುಟುಂಬಕ್ಕೆಂದು ಕಟ್ಟಿದ ಮನೆಯ ಚರಂಡಿ ಕೊಳವೆ ಹೋಟೆಲಿನ ಜಿಡ್ಡನ್ನು ತಾಳದು. ಜಿಡ್ಡನ್ನು ತಡೆದು ಹಿಡಿಯುವ ಗ್ರೀಸ್ ಟ್ರ್ಯಾಪ್ ಇಡದ ಅಥವಾ ಇಟ್ಟೂ ತೊಳೆಯದ ಕಡೆ ಚರಂಡಿ ಪಕ್ಕದ ಮನೆಯವರ ಬಾಗಿಲಿಗೇ ಉಕ್ಕುತ್ತದೆ. ಇಲ್ಲಿನ ನಿವಾಸಿಗಳ ಸಿಟ್ಟಿಗೆ ಸದ್ದು, ಪಾರ್ಕಿಂಗ್ ಅಷ್ಟೇ ಕಾರಣವಲ್ಲ.

ಹೊರವರ್ತುಲ ರಸ್ತೆ, ವೈಟ್‌ಫೀಲ್ಡ್ ಕಡೆಯ ಹೋಟೆಲುಗಳು ಬದುಕುವುದು ಕಚೇರಿಯ ಮಧ್ಯಾಹ್ನದ ಮೇಲೆ. 2020ರಲ್ಲಿ ಕಚೇರಿಗಳು ಮನೆಗೆ ಹೋದಾಗ ಅವುಗಳ ಗಿರಾಕಿಯೂ ಹೋದ. ಅಷ್ಟರಲ್ಲಿ, 2014ರಲ್ಲಿ ಕೋರಮಂಗಲದಲ್ಲಿ ಹುಟ್ಟಿದ ಸ್ವಿಗ್ಗಿಯಂಥ ಆ್ಯಪ್‌ಗಳು ಬೇರೂರಿದ್ದವು. ಆ್ಯಪ್ ಮೂಲಕ ಮಾರಲು ಕುರ್ಚಿಯೂ ಬೇಡ, ಬೋರ್ಡೂ ಬೇಡ, ಒಳರಸ್ತೆಯ ಅಡುಗೆಮನೆ ಸಾಕು. ಹೀಗೆ ಉಳಿತಾಯವಾದ ಬಾಡಿಗೆಯ ಬಹುಪಾಲು ಆ್ಯಪ್‌ನ ಕಮಿಷನ್ನಿಗೆ ಹೋಗುತ್ತದೆ ಅನ್ನುವುದು ಬೇರೆ ಮಾತು. ಶೇ 5ರ ಜಿಎಸ್‌ಟಿಯಲ್ಲಿರುವ ಹೋಟೆಲು ಬಾಡಿಗೆಯ ಮೇಲೆ ಕಟ್ಟುವ ಶೇ 18 ತೆರಿಗೆಯನ್ನು ತಾನು ಸರ್ಕಾರಕ್ಕೆ ಕೊಡಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವಂತೆಯೂ ಇಲ್ಲ.

ಈ ಅಡುಗೆಮನೆಗಳಲ್ಲಿ ಬಿರಿಯಾನಿ ಗೆದ್ದು ಮಸಾಲೆ ದೋಸೆ ಸೋತದ್ದಕ್ಕೆ ಕಾರಣ ಹಬೆ. ಮುಚ್ಚಿದ ಡಬ್ಬಿಯಲ್ಲಿ ಬಿರಿಯಾನಿ ಇನ್ನಷ್ಟು ಹದವಾಗುತ್ತದೆ. ದೋಸೆಯ ಗರಿಯನ್ನು ಪಲ್ಯದ ಹಬೆ ಹತ್ತು ನಿಮಿಷದಲ್ಲಿ ಮೆತ್ತಗೆ ಮಾಡುತ್ತದೆ. ಡಬ್ಬಿಗೆ ತೂತು ಕೊರೆದು, ಪಲ್ಯ, ಚಟ್ನಿ ಬೇರೆ ಕಟ್ಟಿದರೆ ಇನ್ನೈದು ನಿಮಿಷ ಸಿಗಬಹುದು. ಟ್ರಾಫಿಕ್ಕಿಗೆ ಹೆಸರಾದ ಸಿಲ್ಕ್ ಬೋರ್ಡ್ ಸಿಗ್ನಲ್ ದಾಟಲು ಅದು ಸಾಲದು. ಪಾರ್ಸೆಲ್ ಕೇಳಿದವರಿಗೆ ಖಾಲಿ ದೋಸೆ ಕೊಡುವ ಭಟ್ಟರಿಗೆ ಇದು ಮೊದಲೇ ಗೊತ್ತಿತ್ತು.