ಸುರಂಗದ ಬೆಚ್ಚನೆ ಗಾಳಿ

ಧನು ತಿಂಗಳ ಬೆಳಗ್ಗೆ ಕಾಸರಗೋಡಿನ ಬಾಯಾರು, ಪಡ್ರೆ ಕಡೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದೊಳಗೆ ಹೊಕ್ಕು ನೋಡಬೇಕು. ಹೊರಗೆ ಮೈ ಜುಮ್ಮೆನ್ನುವ ಚಳಿ. ಒಬ್ಬರೇ ನುಸುಳುವಷ್ಟು ಕಿರಿದಾದ ದಾರಿಯಲ್ಲಿ ಹತ್ತು ಹೆಜ್ಜೆ ಹೋದರೆ ಸಾಕು, ಗಾಳಿ ಬೆಚ್ಚಗಾಗುತ್ತದೆ. ಮುರಕಲ್ಲಿನಿಂದ ಜಿನುಗುವ ನೀರೂ ಉಗುರುಬೆಚ್ಚಗೆ. ಮೇ ಕೊನೆಯ ಪತ್ತನಾಜೆ ಹೊತ್ತಿನ ಸೆಕೆಯಲ್ಲಿ ಅದೇ ನೀರು ತಂಪು ಅನಿಸುತ್ತದೆ. ನೀರು ಬದಲಾಗಿಲ್ಲ, ಹೊರಗಿನ ಹವೆ ಬದಲಾಗಿದೆ ಅಷ್ಟೇ.

ಸುಮಾರು ಹತ್ತು ಮೀಟರ್ ಕೆಳಗೆ ನೆಲದ ಬಿಸಿ ವರ್ಷವಿಡೀ ಹೆಚ್ಚುಕಮ್ಮಿ ಒಂದೇ. ಪ್ಯಾರಿಸ್ ವೀಕ್ಷಣಾಲಯದ 28 ಮೀಟರ್ ಆಳದ ನೆಲಮಾಳಿಗೆಯಲ್ಲಿ 1783ರಲ್ಲಿ ಫ್ರೆಂಚ್ ವಿಜ್ಞಾನಿ ಲವಾಸಿಯೆಯ ಥರ್ಮಾಮೀಟರ್ ಇಟ್ಟು ನೋಡಿದಾಗಲೂ ಪಾದರಸ ಕದಲಿದ್ದು ತೀರಾ ಕಡಿಮೆ. ಪುತ್ತೂರು ಕಡೆಯ ಇರ್ದೆಯ ಬೆಂದ್ರು ತೀರ್ಥದ ಬಿಸಿನೀರಿನ ಕಥೆ ಬೇರೆ, ಅದು ಆಳದಿಂದ ಬರುವ ಬಿಸಿ. ಈ ಮೇಲ್ಪದರದ್ದು ಬಹುಪಾಲು ಬಿಸಿಲೇ ಕೊಟ್ಟದ್ದು.

ಈ ನೆಲದ ಬಿಸಿಯಿಂದಲೇ ಚಳಿ ದೇಶಗಳಲ್ಲಿ ಮನೆ ಬೆಚ್ಚಗೆ ಮಾಡುತ್ತಾರೆ. ಆದರೆ ಅಲ್ಲಿನ ನೆಲ ಬರೀ 8, 10 ಡಿಗ್ರಿ. ಅದರಿಂದ ಮನೆ ಬೆಚ್ಚಗಾಗುವುದು ಹೇಗೆ? ಫ್ರಿಜ್ಜಿನ ಹಿಂಭಾಗ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಒಳಗಿನ ಬಿಸಿಯನ್ನು ಎಳೆದು ಹೊರಗೆ ಹಾಕುವುದೇ ಅದರ ಕೆಲಸ. ಮನೆ ಬೆಚ್ಚಗೆ ಮಾಡುವ ಹೀಟ್ ಪಂಪ್ ಎಂಬ ಯಂತ್ರದಲ್ಲಿ ಫ್ರಿಜ್ಜಿನ ಒಳಗಿನ ಜಾಗದಲ್ಲಿ ನೆಲವಿದೆ, ಹಿಂಭಾಗದ ಜಾಗದಲ್ಲಿ ಮನೆ. ಇಂಥ ಯಂತ್ರದಿಂದ ಕಟ್ಟಡ ಬೆಚ್ಚಗೆ ಮಾಡಬಹುದು ಎಂದು ಬ್ರಿಟಿಷ್ ವಿಜ್ಞಾನಿ ಕೆಲ್ವಿನ್ 1852ರಲ್ಲೇ ಹೇಳಿದ್ದರು. ನೆಲದಿಂದಲೇ ಬಿಸಿ ಎಳೆಯುವ ಯೋಚನೆಗೆ 1912ರಲ್ಲಿ ಸ್ವಿಟ್ಜರ್ಲೆಂಡಿನ ಹೈನ್ರಿಕ್ ಝೋಲಿ ಪೇಟೆಂಟ್ ಪಡೆದರು. 1948ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ದೊಡ್ಡ ಕಚೇರಿ ಕಟ್ಟಡವೊಂದು ಬಾವಿನೀರಿನ ಬಿಸಿಯಲ್ಲೇ ನಡೆಯಿತು. ಆದರೂ ಕಲ್ಲಿದ್ದಲು, ಎಣ್ಣೆ ಅಗ್ಗ ಇರುವಷ್ಟು ಕಾಲ ಇದು ಜಾಸ್ತಿ ಜನಕ್ಕೆ ಬೇಕಾಗಲಿಲ್ಲ. 1973ರಲ್ಲಿ ಎಣ್ಣೆ ಬೆಲೆ ಏರಿದ ಮೇಲೆ ಸ್ವೀಡನ್ನಿನಂಥ ದೇಶಗಳು ಎಚ್ಚೆತ್ತವು.

ಅಲ್ಲಿ ಮನೆಯಂಗಳದಲ್ಲಿ ಬೋರು ಕೊರೆಯುತ್ತಾರೆ, 100ರಿಂದ 200 ಮೀಟರ್. ನೀರಿಗಲ್ಲ. ಪ್ಲಾಸ್ಟಿಕ್ ಪೈಪು ಕೆಳಗಿಳಿದು ಹಾಗೇ ತಿರುಗಿ ಮೇಲೆ ಬರುತ್ತದೆ, ಅದರೊಳಗೆ ಹೆಪ್ಪುಗಟ್ಟದ ದ್ರವ ಸುತ್ತುತ್ತದೆ. ಒಂದು ಯೂನಿಟ್ ಕರೆಂಟಿಗೆ ಮೂರು, ನಾಲ್ಕು ಯೂನಿಟ್ ಬಿಸಿ ಸಿಗುತ್ತದೆ.

ನಮ್ಮ ಕಾಸರಗೋಡಿಗೆ ಬೇಕಾದದ್ದು ತಂಪು. ಯಂತ್ರವನ್ನು ತಿರುಗುಮುರುಗಾಗಿ ನಡೆಸಿ ಮನೆಯ ಬಿಸಿಯನ್ನು ನೆಲಕ್ಕೆ ಸುರಿದರೆ ಅದೂ ಆಗುತ್ತದೆ. ಆದರೆ ಬಿಸಿಯನ್ನು ವಾಪಸು ಎಳೆದುಕೊಳ್ಳುವ ಚಳಿಗಾಲ ನಮಗಿಲ್ಲ. ವರ್ಷವಿಡೀ ಸುರಿದರೆ ನೆಲವೇ ಕಾಯುತ್ತಾ ಹೋಗುತ್ತದೆ. ಹಾಗಾಗಿ ಸುಮ್ನೆ ಅಲ್ಲಿನದನ್ನೇ ತಂದು ಇಲ್ಲಿ ಕೂರಿಸುವುದು ಸರಿಯಲ್ಲ ಎಂದೇ ನನಗನಿಸುತ್ತದೆ.

ಒಂದು ವಿಷಯ ಮಾತ್ರ ಮನಸ್ಸಿಗೆ ತಟ್ಟಿತು. ಸ್ವೀಡನ್ನಿನಲ್ಲಿ ಇಂಥ ಎರಡು ಬೋರುಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಅಂತರ ಬಿಡುತ್ತಾರೆ. ಒಂದು ಹನಿ ನೀರನ್ನೂ ಮೇಲೆತ್ತದ ಬೋರು ಅದು. ಆದರೂ ನೆರೆಮನೆಯ ನೆಲದ ಬಿಸಿ ಎಳೆಯಬಾರದಲ್ವಾ, ಅದಕ್ಕೆ.