ಸೇತುವೆ ಆಯ್ತಲ್ಲ, ತುಮರಿ ಸುತ್ತೋಕೆ ಒಂದು ದಿನ ಸಾಕಾ?

ಓದುಗರ ಪ್ರಶ್ನೆ: ಶಿವಮೊಗ್ಗದಿಂದ ಬೆಳಿಗ್ಗೆ ಹೊರಟು, ಶರಾವತಿ ಹಿನ್ನೀರಿನ ತುಮರಿ ದ್ವೀಪ ನೋಡ್ಕೊಂಡು ರಾತ್ರಿ ವಾಪಸ್ ಬರಬಹುದಾ? ಜೊತೆಗೆ ಗೈಡ್ ಬೇಕಾ?

ಬರಬಹುದು. ಸಿಗಂದೂರು ಚೌಡೇಶ್ವರಿ ದೇವಸ್ಥಾನದ ದರ್ಶನ ಒಂದೇ ಸಾಕು ಅಂದ್ರೆ ಗೈಡ್ ಬೇಡ. ಹಿನ್ನೀರನ್ನೂ ನೋಡ್ಬೇಕು ಅಂದ್ರೆ ಊರಿನವರೊಬ್ಬರು ಜೊತೆಗೆ ಇರಲೇಬೇಕು.

ದಾರಿ ಈಗ ಸಲೀಸು. ಸಾಗರ, ಆವಿನಹಳ್ಳಿ ದಾಟಿ ಅಂಬಾರಗೋಡ್ಲು ತಲುಪಿದರೆ ಎದುರಿಗೇ ಸೇತುವೆ. 2025ರ ಜುಲೈ 14ರಂದು ಉದ್ಘಾಟನೆ ಆಯಿತು. ಉದ್ದ ಸುಮಾರು 2.4 ಕಿ.ಮೀ. ಮೊದಲಾದರೆ ಹೊಳೆಬಾಗಿಲಲ್ಲಿ ಲಾಂಚಿಗೆ ಕಾಯಬೇಕಿತ್ತು. ರಜೆ ದಿನ ಕಾರುಗಳ ಸಾಲು ಮುಗಿಯುತ್ತಲೇ ಇರಲಿಲ್ಲ. ‘ಲಾಂಚಿನ ಮಜಾ ಹೋಯ್ತು’ ಅಂತ ಈಗ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ತುಮರಿಯವರ ಎದುರು ಮಾತ್ರ ಹಾಗೆ ಹೇಳಬೇಡಿ. ಸಂಜೆ ಲಾಂಚ್ ನಿಂತ ಮೇಲೆ ಯಾರಿಗಾದರೂ ಹುಷಾರು ತಪ್ಪಿದರೆ ಕಾಡುದಾರಿಯಲ್ಲಿ ಸುತ್ತಿ ಬಳಸಿ ಹೋಗಬೇಕಿತ್ತು, ಇಲ್ಲ ಬೆಳಗಾಗೋವರೆಗೆ ಕಾಯಬೇಕಿತ್ತು.

ಇದು ಮೊದಲಿಂದಲೂ ದ್ವೀಪ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಗಿ ಕಣಿವೆಯ ಗದ್ದೆ, ತೋಟ, ಮನೆಗಳು ಮುಳುಗಿದವು. ಎತ್ತರದಲ್ಲಿದ್ದ ಕರೂರು, ಬಾರಂಗಿ ಹೋಬಳಿಯ ಊರುಗಳು ಉಳಿದವು. ಆದರೆ ಅಲ್ಲಿಯವರು ಸಾಗರಕ್ಕೆ ಹೋಗುವ ದಾರಿ ನೀರಿನಡಿ ಹೋಯಿತು. ಇನ್ನೊಂದು ಮಗ್ಗುಲಲ್ಲಿ ಘಟ್ಟದ ಕಾಡು, ಅದರೊಳಗೆ ಕೊಲ್ಲೂರು ಕಡೆ ಹೋಗುವ ರಸ್ತೆ. ನಾಡಿಗೆಲ್ಲ ಕರೆಂಟು ಕೊಟ್ಟ ನೀರು ಇವರ ದಾರಿಯನ್ನು ಮಾತ್ರ ಮುಚ್ಚಿತು.

ಗೈಡ್ ಯಾಕೆ ಅಂದ್ರೆ, ಇಲ್ಲಿ ನೋಡುವ ಜಾಗ ತಿಂಗಳಿಂದ ತಿಂಗಳಿಗೆ ಬದಲಾಗುತ್ತೆ. ಮಳೆ ಚೆನ್ನಾಗಾಗಿ ಅಣೆಕಟ್ಟು ಪೂರ್ತಿ, ಅಂದ್ರೆ ಸಮುದ್ರಮಟ್ಟದಿಂದ 1,819 ಅಡಿವರೆಗೆ ತುಂಬಿದರೆ ಎಲ್ಲಿ ನೋಡಿದರೂ ನೀರೇ. ಬೇಸಿಗೆಯಲ್ಲಿ ನೀರು ಇಳಿದಂತೆ ಕೆಂಪು ಮಣ್ಣಿನ ದಡ ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಅರವತ್ತು ವರ್ಷದ ಹಿಂದೆ ಮುಳುಗಿದ ಮರಗಳ ಬೊಡ್ಡೆಗಳು ಕಪ್ಪಗೆ ನಿಂತಿರುತ್ತವೆ.

ನೀರು ತೀರಾ ಕಮ್ಮಿ ಆದ ವರ್ಷ ಹಳೇ ಹಿರೇಭಾಸ್ಕರ ಅಣೆಕಟ್ಟೂ ಮೇಲೆ ಬರುತ್ತೆ. ಮಡೇನೂರು ಡ್ಯಾಂ ಅಂತಲೂ ಕರೆಯುತ್ತಾರೆ. ಜೋಗದ ಕರೆಂಟಿಗೆ ಅಂತ 1940ರ ದಶಕದಲ್ಲಿ ಕಟ್ಟಿದ್ದು. ಮುಂದೆ ಲಿಂಗನಮಕ್ಕಿಯೇ ಅದನ್ನು ನುಂಗಿತು! ಅದರ ಸೈಫನ್‌ಗಳನ್ನು ಹತ್ತಿರದಿಂದ ನೋಡಬೇಕು. ದೊಡ್ಡ ಬಾವಿಯಂಥ ದುಂಡನೆ ಕಟ್ಟೋಣಗಳು. ನೀರು ಮಟ್ಟ ಮೀರಿದರೆ ಒಳಗೆ ಸುಳಿ ಸುತ್ತಿ ತಾನಾಗೇ ಹೊರಗೆ ಹರಿಯುತ್ತಿತ್ತು, ಗೇಟು ಎತ್ತೋ ಕೆಲಸವೇ ಇಲ್ಲ. ನನ್ನ ಕೇಳಿದರೆ ಇಡೀ ಹಿನ್ನೀರಲ್ಲಿ ಇದಕ್ಕಿಂತ ಚೆಂದದ ನೋಟ ಇಲ್ಲ. ಆದರೆ ಮೇಲೆ ಒಣಗಿದಂತೆ ಕಾಣುವ ಮಣ್ಣಿನ ಕೆಳಗೆ ಕೆಸರಿರುತ್ತೆ. ಎಲ್ಲಿ ಕಾಲಿಡಬಹುದು ಅನ್ನೋದು ಅಲ್ಲಿಯವರಿಗೇ ಗೊತ್ತು.

ಬೋರ್ಡ್ ಹಾಕಿಕೊಂಡ ಗೈಡ್‌ಗಳನ್ನು ಹುಡುಕಬೇಡಿ. ಹೋಂಸ್ಟೇ ನಡೆಸುವವರನ್ನೋ, ಊರಿನ ಜೀಪು-ಆಟೋದವರನ್ನೋ ಹಿಂದಿನ ದಿನವೇ ಮಾತಾಡಿಸಿ, ನೀರಿನ ಮಟ್ಟ ಕೇಳಿ, ದುಡ್ಡಿನ ಮಾತು ಮೊದಲೇ ಮುಗಿಸಿ. ದರ್ಶನ ಬೆಳಿಗ್ಗೆಯೇ ಮಾಡಿಬಿಡಿ. ಸುತ್ತಮುತ್ತ ಶರಾವತಿ ಕಣಿವೆ ಅಭಯಾರಣ್ಯ ಇದೆ, ಅದಕ್ಕೇ ಕಾಡೊಳಗೆ ಹೋಗೋದಾದರೆ ಅರಣ್ಯ ಇಲಾಖೆ ಅನುಮತಿ ಕೇಳಿಕೊಳ್ಳಿ. ಈಜು ಬರುತ್ತೆ ಅಂತ ಹಿನ್ನೀರಿಗೆ ಇಳಿಯಬೇಡಿ, ಅಡಿಯಲ್ಲಿ ಬೊಡ್ಡೆಗಳಿವೆ. ಮೊಬೈಲ್ ಸಿಗ್ನಲ್ ನಂಬಬೇಡಿ, ಪೆಟ್ರೋಲ್ ಸಾಗರದಲ್ಲೇ ತುಂಬಿಸಿಕೊಳ್ಳಿ.